ಪ್ರತಿಕ್ರಿಯೆ: ನಮಾಜಿನಿಂದ ಕೂಲಿ ಬಾಕಿ ತೀರುತ್ತಾ?

ನಿಮ್ಮ ಮಾಲೀಕರು ಐದೂ ಹೊತ್ತು ನಮಾಜು ಮಾಡುತ್ತಾರೆ, ಆದರೆ ಎರಡು ತಿಂಗಳಿಂದ ಹಮಾಲರ ಕೂಲಿ ಕೊಟ್ಟಿಲ್ಲ, ಇದು ಜುಲ್ಮ್, ಅಂದರೆ ಅನ್ಯಾಯ, ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ ಅಣ್ಣಾ.

ಜುಲ್ಮ್ ಅಂದರೆ ಸುಮ್ನೆ ಹೊಡೆತ ಬಡಿತ ಅಲ್ಲ. ಒಂದು ವಸ್ತುವನ್ನು ಅದರದಲ್ಲದ ಜಾಗದಲ್ಲಿ ಇಡುವುದು ಅಂತ ಅರಬ್ಬಿಯಲ್ಲಿ ಅದರ ಮೂಲ ಅರ್ಥ. ಹಮಾಲನ ಜೇಬಿನಲ್ಲಿರಬೇಕಾದ ದುಡ್ಡು ಮಾಲೀಕನ ಗಲ್ಲಾದಲ್ಲಿ ಕೂತಿದೆ ಅಲ್ವಾ, ಅದೇ. ನಾನು ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಲೆಕ್ಕ ಬರೆಯುವವನು. ತೂಗುವವನ ಕಾಲಬೆರಳು ಚೀಲದ ಅಡಿಗೆ ಹೋಗಿ ಮೆಲ್ಲಗೆ ಎತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕುರ್‌ಆನಿನ 83ನೇ ಅಧ್ಯಾಯ ಶುರುವಾಗುವುದೇ ತೂಕದಲ್ಲಿ ಮೋಸ ಮಾಡುವವರಿಗೆ ಕೇಡು ಎಂಬ ಮಾತಿನಿಂದ.

ಈ ಜುಲ್ಮ್ ಯಾಕೆ ಹುಟ್ಟುತ್ತೆ? ತನಗೆ ಯಾರ ಹಂಗೂ ಇಲ್ಲ ಅಂದುಕೊಂಡಾಗ ಮನುಷ್ಯ ಮಿತಿ ಮೀರುತ್ತಾನೆ ಅನ್ನುತ್ತದೆ 96ನೇ ಅಧ್ಯಾಯ. ದುರಾಸೆ ಇನ್ನೊಂದು ಕಾರಣ.

ನಮಾಜಿನ ಪ್ರಶ್ನೆಗೆ ಒಂದು ಹದೀಸ್, ಅಂದರೆ ಪ್ರವಾದಿ ಮುಹಮ್ಮದರ ಮಾತಿನ ವರದಿ, ಇದೆ. ದಿವಾಳಿ ಯಾರು ಅಂತ ಪ್ರವಾದಿಯವರು ಕೇಳಿದರು. ದುಡ್ಡಿಲ್ಲದವ ಅಂದರು ಸಂಗಡಿಗರು. ಪ್ರವಾದಿಯವರು ಹೇಳಿದರು: ಅಲ್ಲ, ಅಂತಿಮ ತೀರ್ಪಿನ ದಿನ ನಮಾಜು, ಉಪವಾಸ, ಜಕಾತ್ (ಕಡ್ಡಾಯ ದಾನ) ಎಲ್ಲ ಹೊತ್ತು ಬಂದವನೇ, ಆದರೆ ಒಬ್ಬನನ್ನು ಬೈದು, ಇನ್ನೊಬ್ಬನ ದುಡ್ಡು ತಿಂದು ಬಂದವನು. ಅವನ ಪುಣ್ಯವನ್ನೆಲ್ಲ ನೊಂದವರಿಗೆ ಹಂಚುತ್ತಾರೆ. ಸಾಲದಿದ್ದರೆ ಅವರ ಪಾಪ ಇವನ ತಲೆಗೆ. ನಮ್ಮ ಖಾತೆ ಪುಸ್ತಕದ ಹಾಗೇ!

ನೀವು ಸುಮ್ಮನಿರಬೇಡಿ. ಜುಲ್ಮ್ ಮಾಡುವ ಅಣ್ಣತಮ್ಮನಿಗೂ ಸಹಾಯ ಮಾಡಿ, ಅಂದರೆ ಅವನ ಕೈ ಹಿಡಿದು ತಡೆಯಿರಿ ಅಂತಲೂ ಹದೀಸಿನಲ್ಲಿದೆ. ಜುಮ್ಮಾ (ಶುಕ್ರವಾರದ ನಮಾಜು) ಮುಗಿದ ಮೇಲೆ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಮಾತಾಡಿ. ಜಗ್ಗದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ.