ಸಣ್ಣ ಫಿಸ್ಟುಲಾ ಎಂದರೆ ಕೂಡಲೇ ಮುಚ್ಚಿಸಬೇಕೇ?

ಎಂಟು ವರ್ಷದ ಮಗಳ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ಬಲ ಕರೋನರಿಯಿಂದ, ಅಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಬಲಗಡೆಯ ನಾಳದಿಂದ, ಬಲ ಹೃತ್ಕುಕ್ಷಿಗೆ (ಹೃದಯದ ಬಲ ಕೆಳಕೋಣೆಗೆ) ಸಣ್ಣ ಫಿಸ್ಟುಲಾ, ಅಂದರೆ ಇರಬಾರದ ಅಡ್ಡದಾರಿ, ಇದೆಯೆಂದು ಬಂದಿದೆ, ತಕ್ಷಣ ಮುಚ್ಚಿಸಬೇಕೇ ಎಂದು ಕೇಳಿದ್ದೀರಿ. ಮೊದಲು ಧೈರ್ಯ ತಂದುಕೊಳ್ಳಿ. ನನ್ನ ಮಗನಿಗೂ ಇದೇ ಇತ್ತು.

ಇಂಥ ಫಿಸ್ಟುಲಾ ಇದ್ದರೆ ಹೃದಯದ ಸ್ನಾಯುವಿಗೆ ಸಲ್ಲಬೇಕಾದ ರಕ್ತದಲ್ಲಿ ಒಂದಷ್ಟು ಅಡ್ಡದಾರಿ ಹಿಡಿದು ನೇರವಾಗಿ ಹೃದಯದ ಕೋಣೆಗೆ ಸೇರುತ್ತದೆ. ದಾರಿ ಕಿರಿದಾಗಿದ್ದು, ಮಗುವಿಗೆ ಏದುಸಿರು, ಎದೆನೋವು ಇಲ್ಲದಿದ್ದರೆ, ಹೃದಯ ಹಿಗ್ಗಿಲ್ಲದಿದ್ದರೆ ಸಾಮಾನ್ಯವಾಗಿ ಆಗಾಗ ಎಕೋ ಮಾಡಿ ಕಾದು ನೋಡುತ್ತಾರೆ. ಕೆಲವು ತಾವಾಗಿಯೇ ಮುಚ್ಚಿಕೊಳ್ಳುವುದೂ ಉಂಟು.

ನನ್ನ ಮಗನದು ದೊಡ್ಡದಿತ್ತು. ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಆದ ಸಿಟಿ ಆಂಜಿಯೋಗ್ರಾಂನ ಪರದೆಯ ಮೇಲೆ ಆ ನಾಳ ಹಾವಿನಂತೆ ಸುತ್ತಿ ಉಬ್ಬಿಕೊಂಡಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತೊಡೆಸಂದಿಯಿಂದ ಕ್ಯಾತಿಟರ್ (ತೆಳು ಕೊಳವೆ) ತೂರಿಸಿ ಪ್ಲಗ್ ಇಟ್ಟು ಮುಚ್ಚಿದರು, ಎದೆ ತೆರೆಯಲಿಲ್ಲ. ಹಿಗ್ಗಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಬಳಿಕ ಆಸ್ಪಿರಿನ್ ಕೊಟ್ಟರು.

ಎಕೋದ ವಿಡಿಯೊ ಸಮೇತ ಜಯದೇವ ಹೃದ್ರೋಗ ಸಂಸ್ಥೆಯಂತಹ ಕಡೆ ಮಕ್ಕಳ ಹೃದ್ರೋಗ ತಜ್ಞರನ್ನು ಕಾಣಿ. ಕರೋನರಿಯ ಅಗಲ ವಯಸ್ಸಿಗೆ ಮೀರಿದೆಯೇ, ಹೃದಯದ ಕೋಣೆಗಳು ಹಿಗ್ಗಿವೆಯೇ ಎಂದು ಬಿಡಿಸಿ ಕೇಳಿ. ಕಾರಣವಿಲ್ಲದ ಜ್ವರ ದಿನಗಟ್ಟಲೆ ಬಿಡದಿದ್ದರೆ, ಅದು ಹೃದಯದ ಸೋಂಕೂ ಆಗಿರಬಹುದಾದ್ದರಿಂದ, ಆ್ಯಂಟಿಬಯೋಟಿಕ್ ಶುರುಮಾಡುವ ಮೊದಲೇ ವೈದ್ಯರಿಗೆ ಫಿಸ್ಟುಲಾ ವಿಷಯ ತಿಳಿಸಿ.