650 ಸಿಸಿ ಬೈಕಿಗೆ ಬೇರೆ ಡಿಎಲ್ ಬೇಕಾ, ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬಿಡ್ತಾರಾ ಅಂತ ಕೇಳಿದ್ದಕ್ಕೆ

ಗುರು, ನಮ್ಮಲ್ಲಿ ಸಿಸಿ ಲೆಕ್ಕದಲ್ಲಿ ಬೇರೆ ಬೇರೆ ಡಿಎಲ್ ಇಲ್ಲ, ವಿತ್ ಗೇರ್ ಅಂತ ಇದ್ರೆ 100 ಸಿಸಿನೂ ಓಡಿಸ್ಬೋದು 650 ಕೂಡ ಓಡಿಸ್ಬೋದು. ಆದ್ರೆ ನೀವು ಸ್ಕೂಟರ್‌ಗೆ ಮಾತ್ರ ಮಾಡ್ಸಿದೀನಿ ಅಂತಿದೀರಲ್ಲ, ಕಾರ್ಡ್ ತೆಗೆದು ನೋಡಿ, ವಿತೌಟ್ ಗೇರ್ ಅಂತಿದ್ರೆ ಆ ಬೈಕ್ ಮುಟ್ಟಬೇಡಿ, ಏನಾದ್ರೂ ಆದ್ರೆ ಇನ್ಶೂರೆನ್ಸ್‌ನೋರು ಅದನ್ನೇ ಹಿಡ್ಕೊಂಡು ತಕರಾರು ತೆಗೀತಾರೆ. ಡಿಎಲ್ ಕೆಲಸಕ್ಕಿರೋ ಸರ್ಕಾರದ ಸಾರಥಿ ಸೈಟಲ್ಲಿ ಗೇರ್ ಬೈಕ್ ಸೇರಿಸೋಕೆ ಎಲ್ಎಲ್ (ಲರ್ನರ್ ಲೈಸೆನ್ಸ್) ಹಾಕಿ, 30 ದಿನ ಆದ್ಮೇಲೆ ಆರು ತಿಂಗಳೊಳಗೆ ಟೆಸ್ಟ್ ಕೊಡಿ. ಟೆಸ್ಟಿಗೆ ಫ್ರೆಂಡ್ ಹತ್ರ ಯಾವ್ದಾದ್ರೂ ಸಣ್ಣ ಗೇರ್ ಬೈಕ್ ಇಸ್ಕೊಂಡು ಹೋಗಿ, ಅಷ್ಟು ಭಾರದ ಗಾಡೀಲಿ ಎಂಟರ ಆಕಾರದಲ್ಲಿ ಸುತ್ತೋದು ಸುಮ್ನೆ ತಲೆನೋವು.

ಎಕ್ಸ್‌ಪ್ರೆಸ್‌ವೇ ಮಾತ್ರ ಮರ್ತುಬಿಡಿ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇನ್ ರೋಡಲ್ಲಿ ಟೂ ವೀಲರ್, ಆಟೋ, ಟ್ರ್ಯಾಕ್ಟರ್ ಎಲ್ಲಾ ಬ್ಯಾನ್, ಸಿಕ್ಕಿದ್ರೆ 500 ರೂಪಾಯಿ ಫೈನ್. ನನ್ ಗಾಡಿ ಕಾರಿಗಿಂತ ಸ್ಪೀಡ್ ಹೋಗತ್ತೆ ಸಾರ್ ಅಂದ್ರೂ ಕೇಳಲ್ಲ, ಎರಡು ಚಕ್ರ ಅಂದ್ರೆ ಎರಡು ಚಕ್ರ ಅಷ್ಟೆ (ನನಗಂತೂ ಇದು ಅನ್ಯಾಯ ಅನ್ಸತ್ತೆ). ಸರ್ವಿಸ್ ರೋಡಲ್ಲೇ ಬಿಡದಿ, ರಾಮನಗರ, ಚನ್ನಪಟ್ಟಣ ಅಂತ ಹೋಗ್ಬೇಕು, ಎದುರುಗಡೆಯಿಂದ ರಾಂಗ್ ಸೈಡಲ್ಲಿ ಬರೋರು ಜಾಸ್ತಿ, ಕತ್ತಲಾದ್ಮೇಲೆ ಬೇಡ. ಬಿಡದಿಲಿ ತಟ್ಟೆ ಇಡ್ಲಿಗೆ ನಿಲ್ಸೋಕೆ ಸರ್ವಿಸ್ ರೋಡೇ ವಾಸಿ ಬಿಡಿ.