ಅಗ್ಗದ ಇಂಜೆಕ್ಷನ್ ಅಂದ್ರೆ ಡೂಪ್ಲಿಕೇಟ್ ಅಲ್ಲ

ಪ್ರಶ್ನೆ: ಅವ್ವನಿಗೆ ಸ್ತನ ಕ್ಯಾನ್ಸರ್, ರಿಪೋರ್ಟಿನಲ್ಲಿ ಹರ್-2 ಪಾಸಿಟಿವ್ ಅಂತ ಬಂದಿದೆ. ಮೈಸೂರಿನ ಡಾಕ್ಟರು ಟ್ರಾಸ್ಟುಜುಮ್ಯಾಬ್ ಬರೆದು, ಬಯೋಸಿಮಿಲರ್ ಸಾಕು, ಖರ್ಚು ಕಮ್ಮಿ ಎಂದರು. ಚಿಕ್ಕಪ್ಪ ಮಾತ್ರ 'ಅದು ಡೂಪ್ಲಿಕೇಟ್, ತೋಟ ಅಡವಿಟ್ಟಾದರೂ ಫಾರಿನ್ ಕಂಪನಿಯದೇ ತರಿಸು' ಅಂತ ಹಟ ಹಿಡಿದಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ತೋಟ ಅಡವಿಡಬೇಡಿ. ಡಾಕ್ಟರು ಹೇಳಿದ್ದು ಸರಿ. ಹರ್-2 ಪಾಸಿಟಿವ್ ಅಂದರೆ ಕ್ಯಾನ್ಸರ್ ಕೋಶಗಳ ಮೇಲೆ ಹರ್-2 ಅನ್ನುವ ಪ್ರೋಟೀನ್ ಹೆಚ್ಚಿದೆ ಅಂತ, ಅದಕ್ಕೆ ಕೊಡುವ ಇಂಜೆಕ್ಷನ್ನೇ ಟ್ರಾಸ್ಟುಜುಮ್ಯಾಬ್. ಬಯೋಸಿಮಿಲರ್ ಅಂದರೆ ಮೊದಲ ಕಂಪನಿಯ ಔಷಧಿಯನ್ನೇ ಹೋಲುವಂತೆ ಇನ್ನೊಂದು ಕಂಪನಿ ತಯಾರಿಸಿದ್ದು.

ಪ್ಯಾರಾಸಿಟಮಾಲ್ ಯಾವ ಕಂಪನಿಯದಾದರೂ ಒಂದೇ, ಸಕ್ಕರೆ ಇದ್ದ ಹಾಗೆ. ಟ್ರಾಸ್ಟುಜುಮ್ಯಾಬ್ ಹಾಗಲ್ಲ, ಅದು ಜೀವಕೋಶಗಳಿಂದ ತಯಾರಿಸುವ ದೊಡ್ಡ ಪ್ರೋಟೀನ್. ಕೊಡಗಿನ ಹಣ್ಣಿನ ಹುಳಿ ಕಾಚಂಪುಳಿ ಇಲ್ವಾ, ಹಣ್ಣು ಒಂದೇ ಜಾತಿಯದಾದರೂ ನಿಮ್ಮ ಒಲೆ ಮೇಲೆ ಬತ್ತಿಸಿದ್ದಕ್ಕೂ ಪಕ್ಕದ ಮನೆಯದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತೆ, ಪಂದಿ ಕರಿಗೆ ಬಿದ್ದ ಮೇಲೆ ಯಾರದ್ದು ಅಂತ ಯಾರಿಗೂ ಗೊತ್ತಾಗಲ್ಲ. (ಫಾರಿನ್ ಕಂಪನಿಯ ಔಷಧಿಯೂ ಒಂದು ಬ್ಯಾಚಿನಂತೆ ಇನ್ನೊಂದು ಅಚ್ಚೊತ್ತಿದ ಹಾಗೆ ಇರಲ್ಲ. ಇದನ್ನು ಚಿಕ್ಕಪ್ಪನಿಗೆ ಹೇಳಿ.) ಮೂಲ ಔಷಧಿ, ಬಯೋಸಿಮಿಲರ್ ಎರಡನ್ನೂ ಲ್ಯಾಬಿನಲ್ಲಿ ಅಕ್ಕಪಕ್ಕ ಇಟ್ಟು ಅಳೆದು, ರೋಗಿಗಳಲ್ಲೂ ಹೋಲಿಸಿ ನೋಡಿಯೇ ಅನುಮತಿ ಕೊಡುವುದು. ಬಯೋಸಿಮಿಲರ್ ಮಾಡುವವರು ಸಂಶೋಧನೆಯನ್ನು ಮೊದಲಿನಿಂದ ಮಾಡಬೇಕಿಲ್ಲ, ಮೇಲಿಂದ ಪೈಪೋಟಿ ಬೇರೆ. ಅದಕ್ಕೇ ಅಗ್ಗ.

ಬೆಂಗಳೂರಿನ ಬಯೋಕಾನ್ ಕಂಪನಿ ತನ್ನ ಟ್ರಾಸ್ಟುಜುಮ್ಯಾಬ್ ಬಯೋಸಿಮಿಲರನ್ನು 2014ರಲ್ಲೇ ಇಲ್ಲಿ ಮಾರಾಟಕ್ಕೆ ತಂದಿತು. ಮೈಲಾನ್ ಅನ್ನುವ ಔಷಧಿ ಕಂಪನಿ ಜೊತೆ ಸೇರಿ ಮಾಡಿದ ಆ ಔಷಧಿಗೆ 2017ರ ಡಿಸೆಂಬರಿನಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಒಪ್ಪಿಗೆ ಕೊಟ್ಟಿತು. ಇನ್ನೊಂದು ಕಂಪನಿಯ ಟ್ರಾಸ್ಟುಜುಮ್ಯಾಬ್ ಬಯೋಸಿಮಿಲರನ್ನು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ತಾನು ಗುಣಮಟ್ಟ ನೋಡಿ ಒಪ್ಪಿದ ಔಷಧಿಗಳ ಪಟ್ಟಿಗೆ ಸೇರಿಸಿತು. ಬಡ ದೇಶಗಳ ಹೆಂಗಸರಿಗೂ ಈ ಚಿಕಿತ್ಸೆ ಕೈಗೆಟುಕಲಿ ಅಂತ.

ನನ್ನ ಚಿಂತೆ ಮಳೆಗಾಲದ್ದು. ಈ ಔಷಧಿ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಅಗ್ಗದ್ದಕ್ಕೂ ದುಬಾರಿಯದಕ್ಕೂ ಅದೇ ನಿಯಮ. ಬಾಟಲಿ ತಂದು ಮನೆ ಫ್ರಿಜ್ಜಿನಲ್ಲಿ ಇಡೋಣ ಅಂತಿದ್ದರೆ ಬೇಡ. ಜುಲೈನಲ್ಲಿ ಲೈನ್ ಮೇಲೆ ಒಂದು ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತೋ ನಿಮಗೇ ಗೊತ್ತು. ಹಾಗಂತ ಐಸ್ ಗಡ್ಡೆ ಮೇಲೆ ಇಟ್ಟು ಹೆಪ್ಪುಗಟ್ಟಿಸಿದರೂ ಕೆಟ್ಟಿತು. ಆಸ್ಪತ್ರೆಯ ಫಾರ್ಮಸಿಯಲ್ಲೇ ತಗೊಂಡು ಅಲ್ಲೇ ಹಾಕಿಸಿ.

ಪ್ರತಿ ಸಲ ಬಾಕ್ಸಿನ ಹೆಸರು, ಬ್ಯಾಚ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ. ಟ್ರಾಸ್ಟುಜುಮ್ಯಾಬ್ ಮುಂದೆ 'ಎಮ್ಟಾನ್ಸಿನ್' ಅಂತ ಇದ್ದರೆ ಅದು ಬೇರೆಯೇ ಔಷಧಿ, ಹಾಕಿಸುವ ಮುಂಚೆ ಕೇಳಿ. ಹೃದಯದ ಎಕೋ ತಪ್ಪಿಸಬೇಡಿ, ಯಾವ ಕಂಪನಿಯದಾದರೂ ಅದು ಬೇಕೇ ಬೇಕು. ಮಧ್ಯದಲ್ಲಿ ಬ್ರ್ಯಾಂಡ್ ಬದಲಾಯಿಸಬೇಕಾಗಿ ಬಂದರೆ ಡಾಕ್ಟರನ್ನು ಕೇಳಿ, ಮೆಡಿಕಲ್ ಶಾಪಿನವರ ಮಾತಿನ ಮೇಲೆ ಬೇಡ.